ವಾಪಸು ಬೇಡದ ದುಡ್ಡು

ನಾನು ಕುರಿ ಕಾರ್ಖಾನೆಯವಳು. ಕೊಯ್ಯುವುದು ಗಂಡಸರ ಕೆಲಸ. ಅವರು ಕೊಯ್ದು, ಚರ್ಮ ಸುಲಿದು, ಕೊಕ್ಕೆಗೆ ತೂಗುಹಾಕಿದ್ದು ಸರಪಳಿಯಲ್ಲಿ ನೇತಾಡುತ್ತ ನನ್ನ ಮುಂದೆ ಬರುತ್ತದೆ. ಅದು ದಾಟಿಹೋಗುವುದರೊಳಗೆ ಮೈಮೇಲಿನ ಕೊಬ್ಬು, ಕೂದಲು, ಹೆಪ್ಪುಗಟ್ಟಿದ ರಕ್ತ ಎಲ್ಲವನ್ನೂ ಕೆತ್ತಿ ತೆಗೆಯಬೇಕು. ಸರಪಳಿ ನಿಲ್ಲುವುದಿಲ್ಲ. ಮೂಗು ಸೋರಿದರೂ ನಿಲ್ಲುವುದಿಲ್ಲ, ಮುಟ್ಟಾದರೂ ನಿಲ್ಲುವುದಿಲ್ಲ. ಕಾಲ ಕೆಳಗೆ ನೀರು, ತಲೆಯ ಮೇಲೆ ಐಸಿನಂಥ ಗಾಳಿ. ಬೆಳಿಗ್ಗೆ ಎದ್ದರೆ ಎಡಗೈಯ ಬೆರಳುಗಳು ಬಿಚ್ಚುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ, ಬಲಗೈಯಿಂದ ಒಂದೊಂದನ್ನೇ ಬಿಡಿಸಬೇಕು. ಟೊಂಗಾ ದ್ವೀಪದಿಂದ ಈ ಓಮರೂ ಊರಿಗೆ ಬಂದ ನಮ್ಮ ಹೆಂಗಸರಲ್ಲಿ ಅರ್ಧ ಜನರ ಬೆರಳು ಹೀಗೇ ಇದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಲೋಸೇಲಿ ಬಿಟ್ಟಿ ಮನೆ ಕೇಳಿದಳು ಎಂದು ನನ್ನ ಬಗ್ಗೆ ಯಾರೂ ತಿಳಿಯಬಾರದು.

ಮನೆ ಅಂದರೆ ಎರಡು ಕೋಣೆ, ಮರದ ಗೋಡೆ, ತಗಡಿನ ಸೂರು. ದಕ್ಷಿಣದ ಗಾಳಿ ಬೀಸಿದರೆ ಅಡುಗೆಮನೆಯ ಕಿಟಕಿ ತಾನೇ ಮಾತಾಡುತ್ತದೆ. ನಾನೂ ನನ್ನ ಗಂಡ ಮನಾಸೆಯೂ ಮದುವೆಯಾದಂದಿನಿಂದ ಅದರಲ್ಲಿ ಬಾಡಿಗೆಗೆ ಇದ್ದೆವು. ಮಕ್ಕಳಾಗಲಿಲ್ಲ. ಮನಾಸೆ ರಸ್ತೆಗೆ ಡಾಂಬರು ಹಾಕುವವನು. ಹಿತ್ತಲಲ್ಲಿ ಅವನೇ ಉಮು ತೋಡಿದ್ದ. ಉಮು ಅಂದರೆ ನೆಲದೊಲೆ. ಗುಂಡಿಯಲ್ಲಿ ಕಲ್ಲು ಕಾಯಿಸಿ, ಎಲೆಯಲ್ಲಿ ಸುತ್ತಿದ ಮಾಂಸ, ಗೆಡ್ಡೆ ಇಟ್ಟು, ಮೇಲೆ ಮಣ್ಣು ಮುಚ್ಚುವುದು. ಭಾನುವಾರ ಚರ್ಚು ಬಿಟ್ಟ ಮೇಲೆ ನಮ್ಮ ಜನವೆಲ್ಲ ನಮ್ಮ ಹಿತ್ತಲಿಗೇ ಬರುತ್ತಿತ್ತು. ನಮ್ಮ ಊರಿನ ಕಡೆಯ ಕಲ್ಲು ಇಲ್ಲಿ ಸಿಗುವುದಿಲ್ಲ, ಇಲ್ಲಿಯ ಸುಣ್ಣಕಲ್ಲು ಬೆಂಕಿಗೆ ಸಿಡಿಯುತ್ತದೆ. ಮನಾಸೆ ಎಲ್ಲೆಲ್ಲಿ ರಸ್ತೆ ಹಾಕಲು ಹೋದನೋ ಅಲ್ಲೆಲ್ಲ ಹೊಳೆಯಲ್ಲಿ ಹುಡುಕಿ, ಕಪ್ಪುಕಲ್ಲು ತಂದು ಒಟ್ಟಿದ್ದ. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವನು ಡಾಂಬರಿನ ಲಾರಿಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ.

ಅವನು ಹೋಗಿ ನಾಲ್ಕನೇ ವರ್ಷ ಮನೆಯ ಯಜಮಾನ ಗ್ರೇಮ್ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತ.

"ಮನೆ ಮಾರ್ತಾ ಇದೀನಿ ಲೋಸೇಲಿ. ಬೇರೆಯವರಿಗೆ ಹೇಳೋಕೆ ಮುಂಚೆ ನಿಂಗೆ ಹೇಳ್ತಿದೀನಿ. ನೀನೇ ತಗೊಂಡ್ರೆ ಒಳ್ಳೇದು. ಇಲ್ಲಾಂದ್ರೆ ಖಾಲಿ ಮಾಡ್ಬೇಕಾಗುತ್ತೆ."

ನನಗೆ ಆ ಕಿಟಕಿ ಬೇಕಿತ್ತು, ಆ ಗುಂಡಿ ಬೇಕಿತ್ತು. ಮನಾಸೆ ಓಡಾಡಿ ಸವೆಸಿದ ಹಲಗೆ ಬೇಕಿತ್ತು. ನಾನು ಬ್ಯಾಂಕಿಗೆ ಹೋದೆ.

ಬ್ಯಾಂಕಿನ ಹುಡುಗಿಯ ಹೆಸರು ಕರ್ಸ್ಟನ್. ಪಾಲಂಗಿ, ಬಿಳಿಯರನ್ನು ನಾವು ಕರೆಯುವುದೇ ಹಾಗೆ. ಒಳ್ಳೆಯ ಹುಡುಗಿ. ನೀರು ಕೊಟ್ಟಳು, ಕುರ್ಚಿ ಎಳೆದು ಕೊಟ್ಟಳು, ಕಂಪ್ಯೂಟರಿನ ಪರದೆಯನ್ನು ನನಗೂ ಕಾಣುವ ಹಾಗೆ ತಿರುಗಿಸಿದಳು. ನನ್ನ ಕತ್ತು ಕೊಯ್ಯುವ ಕೆಲಸವನ್ನು ಒಳ್ಳೆಯವರ ಕೈಗೇ ಕೊಟ್ಟಿರುತ್ತಾರೆ.

"ನೋಡಿ, ಮನೆ ಬೆಲೆ ಇದು. ಇದ್ರಲ್ಲಿ ಐದನೇ ಒಂದು ಪಾಲು ನಿಮ್ಮ ಕೈಯಿಂದ ಮೊದಲೇ ಹಾಕ್ಬೇಕು. ಉಳಿದಿದ್ದು ನಮ್ಮ ಸಾಲ. ಇಪ್ಪತ್ತೈದು ವರ್ಷಕ್ಕೆ ಹಂಚಿದ್ರೆ ಹದಿನೈದು ದಿನಕ್ಕೊಂದ್ಸಲ ನೀವು ಕಟ್ಟೋ ಕಂತು ಇಷ್ಟು."

ಹದಿನೈದು ದಿನಕ್ಕೆ ಒಂಬೈನೂರು ಡಾಲರಿಗೆ ಸ್ವಲ್ಪ ಕಡಿಮೆ. ನನ್ನ ಸಂಬಳದ ಅರ್ಧ. ಸಾಲ ತೀರುವಾಗ ನನಗೆ ಅರವತ್ತೊಂಬತ್ತು. ಆ ಹೊತ್ತಿಗೆ ಎರಡೂ ಕೈಯ ಬೆರಳು ಮಡಚಿರುತ್ತವೆ ಎಂದುಕೊಂಡೆ.

"ಇದಲ್ದೆ ವಕೀಲರ ಫೀಸು," ಎಂದಳು. "ಮನೆ ಗಟ್ಟಿಯಿದ್ಯಾ ಅಂತ ನೋಡೋರ ಫೀಸು. ಬೆಲೆ ಸರಿಯಿದ್ಯಾ ಅಂತ ನೋಡೋರ ಫೀಸು. ವಿಮೆ. ಪುರಸಭೆ ತೆರಿಗೆ."

"ಹದಿನಾಲ್ಕು ವರ್ಷ ಅದೇ ಮನೇಲಿ ಮಲಗಿದೀನಿ. ಗಟ್ಟಿಯಿದೆ ಅಂತ ನಾನೇ ಹೇಳ್ತೀನಿ. ಆ ಫೀಸು ನಂಗೇ ಕೊಡಿ," ಎಂದೆ.

ಅವಳು ನಕ್ಕಳು. ನಾನೂ ನಕ್ಕೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಕಟ್ಟಿದ ಮನೆ ಕೊಂಡು ನೋಡಬೇಕು.

ಮನಾಸೆಯ ಸಾವಿನ ವಿಮೆ, ಮುಪ್ಪಿಗೆಂದು ಸಂಬಳದಲ್ಲಿ ಹಿಡಿದದ್ದು, ಎಲ್ಲ ಸೇರಿಸಿದರೂ ಮೊದಲ ಪಾಲಿಗೆ ಇಪ್ಪತ್ತೆಂಟು ಸಾವಿರ ಕಡಿಮೆ ಬಿತ್ತು.

ನಾನು ಯಾರನ್ನೂ ಕೇಳಲಿಲ್ಲ. ನಮ್ಮಲ್ಲಿ ಕೇಳಬೇಕಾಗಿಲ್ಲ. ಅಣ್ಣ ಸೈಮೋನೆಗೆ ವಿಷಯ ತಿಳಿಯಿತು, ಮುಂದಿನ ಶನಿವಾರ ಚರ್ಚಿನ ಹಾಲಿನಲ್ಲಿ ಚಾಪೆ ಹಾಸಿತ್ತು. ಒಬ್ಬೊಬ್ಬರೇ ಬಂದು ಚಾಪೆಯ ಮೇಲೆ ದುಡ್ಡಿಟ್ಟರು. ಅಣ್ಣ ಕಾರು ಕೊಳ್ಳಲು ಕೂಡಿಟ್ಟದ್ದು. ಸರಪಳಿಯಲ್ಲಿ ನನ್ನ ಪಕ್ಕ ನಿಲ್ಲುವ ಸೋದರಸಂಬಂಧಿಗಳ ಒಂದೊಂದು ವಾರದ ಸಂಬಳ. ಕೊನೆಗೆ ನಮ್ಮ ಸೋದರತ್ತೆ ಲವಿನಿಯಾ ಕೋಲೂರಿಕೊಂಡು ಬಂದರು. ನಮ್ಮಲ್ಲಿ ಅಪ್ಪನ ಅಕ್ಕತಂಗಿಯರಿಗಿಂತ ದೊಡ್ಡವರಿಲ್ಲ. ಅವರೆದುರು ನಾವು ನಿಂತು ಉಣ್ಣುವುದಿಲ್ಲ, ಅವರ ತಲೆ ಮುಟ್ಟುವುದಿಲ್ಲ. ಅತ್ತೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟರು. ಅದು ಅವರ ಹೆಣದ ಖರ್ಚಿಗೆಂದು ಇಟ್ಟುಕೊಂಡದ್ದು. ಊರಿಗೆಲ್ಲ ಗೊತ್ತಿತ್ತು.

"ಅತ್ತೆ, ಇದು ಬೇಡ," ಎಂದೆ.

"ಸುಮ್ನಿರೇ. ನಾನು ಸತ್ತಾಗ ನೀನಿರ್ತೀಯಲ್ಲ," ಎಂದರು. ಎಲ್ಲರೂ ನಕ್ಕರು. ಪ್ರಾರ್ಥನೆ ಮಾಡಿ ಉಂಡೆವು.

ಸೋಮವಾರ ಅಷ್ಟನ್ನೂ ಬ್ಯಾಂಕಿಗೆ ಕಟ್ಟಿದೆ. ಸಂಜೆಯೇ ಕರ್ಸ್ಟನ್ ಫೋನು ಮಾಡಿ ಕರೆದಳು, ಹೋಗಿ ಅವಳ ಮುಂದೆ ಕೂತೆ.

"ಲೋಸೇಲಿ, ಈ ಹಣ ಎಲ್ಲಿಂದ ಬಂತು?"

"ನಮ್ಮ ಜನ ಕೊಟ್ರು."

"ಓ, ಉಡುಗೊರೆ. ಒಳ್ಳೇದು. ಒಂದು ಪ್ರಶ್ನೆ, ಎಲ್ರಿಗೂ ಕೇಳೋದೇ. ಇದನ್ನ ನೀವು ವಾಪಸು ಕೊಡ್ಬೇಕಾ?"

ನನಗೆ ನಗು ಬಂತು. ಎಂಥ ಪ್ರಶ್ನೆ. "ಕೊಡ್ದೆ ಇರೋಕಾಗುತ್ತೇನಮ್ಮ?"

"ಯಾವಾಗ?"

"ಅವ್ರ ಮಕ್ಕಳ ಮದುವೆ ಆದಾಗ. ಯಾರಾದ್ರೂ ಸತ್ತಾಗ. ದ್ವೀಪದಲ್ಲಿ ಬಿರುಗಾಳಿಗೆ ಯಾರದಾದ್ರೂ ಸೂರು ಹಾರಿಹೋದಾಗ."

"ಎಷ್ಟು ಕೊಡ್ಬೇಕು?"

"ಕೊಟ್ಟಿದ್ದಕ್ಕಿಂತ ಜಾಸ್ತೀನೇ. ಅಷ್ಟಕ್ಕಷ್ಟೇ ಕೊಟ್ರೆ ಮುಖದ ಮೇಲೆ ಎಸೆದ ಹಾಗಾಗುತ್ತೆ. ಮರ್ಯಾದೆ ಇರೋರು ಹಾಗೆ ಮಾಡಲ್ಲ."

ನಾನು ಎದೆಯುಬ್ಬಿಸಿ ಹೇಳಿದೆ. ನನ್ನ ಬೆನ್ನ ಹಿಂದೆ ಎಷ್ಟು ಜನ ಇದ್ದಾರೆ, ನಾನು ಎಂಥ ಮರ್ಯಾದಸ್ಥಳು, ಇವಳಿಗೂ ತಿಳಿಯಲಿ ಎಂದುಕೊಂಡೆ. ಅವಳು ಟಕಟಕ ಒತ್ತುತ್ತಲೇ ಇದ್ದಳು. ಒತ್ತುತ್ತ ಒತ್ತುತ್ತ ಅವಳ ಮುಖ ಸಣ್ಣದಾಯಿತು.

"ಲೋಸೇಲಿ, ಹಾಗಾದ್ರೆ ಇದು ಉಡುಗೊರೆ ಅಲ್ಲ. ಸಾಲ. ಅದೂ ಕೊಟ್ಟಿದ್ದಕ್ಕಿಂತ ಜಾಸ್ತಿ ವಾಪಸು ಕೊಡೋದು ಅಂದ್ರೆ ಬಡ್ಡಿ ಸಾಲ. ಇದರ ಕಂತೂ ನಿಮ್ಮ ಲೆಕ್ಕಕ್ಕೆ ಸೇರುತ್ತೆ. ಸೇರಿಸಿದ್ರೆ... ನೋಡಿ."

ಪರದೆಯ ಮೇಲೆ ಕೆಂಪಗೆ ಬಂದಿತ್ತು. ಒಂಬೈನೂರರ ಕಂತಿನ ಪಕ್ಕದಲ್ಲಿ ಇನ್ನೊಂದು ಕಂತು ಎದ್ದು ನಿಂತಿತ್ತು. ಅಣ್ಣನ ಕಾರು, ಅತ್ತೆಯ ಡಬ್ಬಿ, ಎಲ್ಲವೂ ನನ್ನ ಕತ್ತಿಗೆ ಸುತ್ತಿಕೊಂಡ ಸಾಲ. ಬ್ಯಾಂಕಿನ ಪ್ರಕಾರ ನನ್ನವರು ಬಡ್ಡಿ ವ್ಯಾಪಾರಿಗಳು, ಯಾರೂ ಇಲ್ಲದವಳು ನನಗಿಂತ ಸಿರಿವಂತೆ.

"ಇದನ್ನ ಸರಿಮಾಡ್ಬೋದು," ಎಂದಳು ಕರ್ಸ್ಟನ್. "ಕೊಟ್ಟೋರೆಲ್ಲ ಒಂದೊಂದು ಕಾಗದಕ್ಕೆ ಸಹಿ ಹಾಕಿಕೊಟ್ರೆ ಸಾಕು. ಎಲ್ರೂ ಮಾಡ್ತಾರೆ. ಅಪ್ಪ ಅಮ್ಮ ಕೊಟ್ರೂ ಬೇಕೇ ಬೇಕು. ಬರೀ ಕಾಗದ ಅಷ್ಟೇ."

ಬರೀ ಕಾಗದದಲ್ಲಿ ಬರೆದದ್ದು ಇದು: ಈ ಹಣ ವಾಪಸು ಬರಲೆಂದು ನಾನು ನಿರೀಕ್ಷಿಸುವುದಿಲ್ಲ. ಈ ಹಣಕ್ಕಾಗಿ ಲೋಸೇಲಿ ನನಗೆ ಈಗಾಗಲಿ ಮುಂದಾಗಲಿ ಯಾವ ರೀತಿಯಲ್ಲೂ ಬಾಧ್ಯಳಲ್ಲ.

ನಮ್ಮ ದ್ವೀಪದಲ್ಲಿ ಇಂಥ ಮಾತು ಆಡುವುದಿದೆ. ಮಗ ಅಪ್ಪನ ಮೇಲೆ ಕೈಮಾಡಿದಾಗ ಆಡುತ್ತಾರೆ. ಆಡಿ ಬಾಗಿಲು ಹಾಕಿಕೊಳ್ಳುತ್ತಾರೆ.

ಕಾಗದಗಳನ್ನು ಹಿಡಿದು ಅಣ್ಣನ ಮನೆಗೆ ಹೋದೆ. ದೊಡ್ಡವರಾದ ಮೇಲೆ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂರುವ ಪದ್ಧತಿ ನಮ್ಮಲ್ಲಿಲ್ಲ. ನಾನು ಒಳಗೆ ಕೂತೆ, ಸೈಮೋನೆ ಹೊರಗೆ ಅಂಗಳದಲ್ಲಿ ನಿಂತ. ಅತ್ತಿಗೆ ಮೆಲೆನೈಟೆ ಕಾಗದ ಹಿಡಿದು ಬಾಗಿಲಲ್ಲಿ ನಿಂತು ಓದಿದಳು. ಓದುತ್ತ ಅವಳ ದನಿ ಗಟ್ಟಿಯಾಯಿತು.

"ಇದೇನೇ ಇದು? ನಾವು ನಿಂಗೆ ಭಿಕ್ಷೆ ಹಾಕಿದ್ವಾ? ಬಾಧ್ಯಳಲ್ಲ ಅಂತೆ. ನಾಳೆ ನನ್ನ ಮಗಳ ಮದುವೆಗೆ ನೀನು ಯಾರು ಹಾಗಾದ್ರೆ? ದಾರಿಹೋಕಳಾ?"

"ಬ್ಯಾಂಕಿಗೋಸ್ಕರ ಅತ್ತಿಗೆ. ಬರೀ ಕಾಗದ."

"ಕಾಗದದಲ್ಲಿ ಸುಳ್ಳು ಬರೆದು ಸಹಿ ಹಾಕ್ಬೇಕಾ? ಅದೂ ದೀಕ್ಷೆ ತಗೊಂಡೋರು?"

ಅಣ್ಣ ಚರ್ಚಿನ ಹಿರಿಯ. ಸಹಿ ಹಾಕಿದ ಮೇಲೆ ಅದು ಸುಳ್ಳಾಗಿರಬಾರದು ಎನ್ನುವ ಮನುಷ್ಯ. ಅಂಗಳದಲ್ಲಿ ಬಹಳ ಹೊತ್ತು ಕೆಮ್ಮಿದ. ಆಮೇಲೆ ಹೆಂಡತಿಗೆ ಹೇಳುವವನ ಹಾಗೆ ಹೇಳಿದ, "ತಂಗೀಗೆ ಮನೆ ಬೇಕು. ಪೆನ್ನು ಕೊಡು." ಬೇಲಿಯ ಗೂಟದ ಮೇಲಿಟ್ಟು ಸಹಿ ಹಾಕಿದ. ಅವನು ಹಾಕಿದ ಮೇಲೆ ಉಳಿದವರೂ ಹಾಕಿದರು. ಯಾರೂ ಬೈಯಲಿಲ್ಲ. ಯಾರೂ ಟೀ ಕುಡಿದು ಹೋಗು ಎನ್ನಲೂ ಇಲ್ಲ.

ಕೊನೆಗೆ ಅತ್ತೆ ಲವಿನಿಯಾ. ಕಣ್ಣು ಮಂಜಾಗಿತ್ತು. ನನ್ನಿಂದಲೇ ಓದಿಸಿಕೊಂಡರು. ನಮ್ಮ ಮಾತಿಗೆ ತಿರುಗಿಸಿ ಹೇಳಿದೆ. ಇಂಗ್ಲಿಷಿನಲ್ಲಿ ತಣ್ಣಗಿದ್ದದ್ದು ನಮ್ಮ ಮಾತಿನಲ್ಲಿ ಶಾಪವಾಯಿತು.

"ನಾನು ಸತ್ರೆ ನೀನು ಬರಲ್ವಾ?" ಎಂದರು.

"ಬರ್ತೀನಿ ಅತ್ತೆ. ಬರ್ದೆ ಇರ್ತೀನಾ?"

"ಏನಾಗಿ ಬರ್ತೀಯ?"

ಅತ್ತೆ ನನ್ನ ಕೈ ತಡವಿ, ಮಡಚಿದ ಬೆರಳುಗಳನ್ನು ಹಿಡಿದುಕೊಂಡರು. "ಪಾಪದ್ದು, ನಿಂಗೆ ಸೂರು ಬೇಕು. ಎಲ್ಲಿ ಹಾಕ್ಲಿ, ತೋರಿಸು," ಎಂದರು. ಅವರ ಕೈ ಹಿಡಿದು ಗೆರೆಯ ಮೇಲಿಟ್ಟೆ. ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದವು.

ಪರದೆ ಹಸಿರಾಯಿತು.

ಮನೆ ಗಟ್ಟಿಯಿದೆಯೇ ಎಂದು ನೋಡುವವನು ಬಂದ. ಟಾರ್ಚು ಹಿಡಿದು ಸೂರಿನ ಒಳಗೆ ಹೋದ, ನೆಲದ ಕೆಳಗೆ ತೂರಿದ. ಹಿತ್ತಲಿಗೆ ಹೋಗಿ ಉಮುವಿನ ಮುಂದೆ ನಿಂತು ತಲೆಯಾಡಿಸಿದ. ಏಳುನೂರು ಡಾಲರು ಕೊಟ್ಟು ಅವನಿಂದ ನಾನು ತಿಳಿದುಕೊಂಡದ್ದು ಇಷ್ಟು: ಹಿತ್ತಲಲ್ಲಿ ಅಪಾಯಕಾರಿ ಗುಂಡಿಯಿದೆ, ವಿಮೆಗೆ ಮುಂಚೆ ಮುಚ್ಚಿಸಬೇಕು. ನಾನೇ ಮುಚ್ಚಿದೆ. ಮನಾಸೆಯ ಕಲ್ಲುಗಳನ್ನು ಎತ್ತಿ ಬೇಲಿಯ ಪಕ್ಕ ಸಾಲಾಗಿ ಇಟ್ಟೆ. ಮಣ್ಣು ತುಂಬಿ ತುಳಿದೆ. ಹುಲ್ಲಿನ ಬೀಜ ಚೆಲ್ಲಿದೆ. ಬೀಗದ ಕೈ ಸಿಕ್ಕಿತು. ಅವತ್ತು ಒಬ್ಬಳೇ ಮೀನಿನ ಡಬ್ಬಿ ತೆರೆದು ಉಂಡೆ.

ಆಮೇಲೆ ನನ್ನ ಮನೆಗೆ ಯಾರೂ ಏನನ್ನೂ ಕೇಳಿಕೊಂಡು ಬರಲಿಲ್ಲ.

ಇದನ್ನು ಹೇಗೆ ಹೇಳಲಿ? ಬೇರೆಯವರಿಗೆ ಇದು ಸುಖ ಎನಿಸಬಹುದು. ನಮ್ಮಲ್ಲಿ ಫೋನು ಬಂದರೆ ಏನಾದರೂ ಕೇಳಲೆಂದೇ ಬರುತ್ತದೆ. ಅಕ್ಕಿ ಚೀಲ, ಮದುವೆಗೂ ಸಾವಿಗೂ ಕೊಡಲೇಬೇಕಾದ ಹೆಣೆದ ಚಾಪೆ, ವಿಮಾನದ ಟಿಕೆಟ್ಟು, ಹಂದಿ. ಬೈದುಕೊಂಡೇ ಕೊಡುತ್ತೇವೆ. ಅದು ನಿಂತುಹೋಯಿತು. ವರ್ಷದ ಕಾಣಿಕೆಯ ದಿನ ಚರ್ಚಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿ, ಕೊಟ್ಟ ಮೊತ್ತವನ್ನು ಗಟ್ಟಿಯಾಗಿ ಓದುತ್ತಾರೆ. ಅಣ್ಣನೇ ಓದುವವನು. ನಾನು ಲಕೋಟೆ ಹಿಡಿದು ಕೂತಿದ್ದೆ. ನನ್ನ ಹಿಂದಿನ ಬೆಂಚಿನವರ ಹೆಸರು ಬಂತು, ಮುಂದಿನ ಬೆಂಚಿನವರದು ಬಂತು. ನನ್ನ ಹೆಸರು ಬರಲಿಲ್ಲ. ಲಕೋಟೆ ಬೆವರಿನಲ್ಲಿ ಒದ್ದೆಯಾಯಿತು.

ಹೊರಗೆ ಮೆಲೆನೈಟೆಯನ್ನು ಹಿಡಿದು ಕೇಳಿದೆ.

"ನಿನ್ನಣ್ಣನೇ ಹೇಳಿದ್ದು, ಲೋಸೇಲಿ ಮೇಲೆ ಏನೂ ಹೇರ್ಬೇಡಿ ಅಂತ," ಎಂದಳು. "ಬ್ಯಾಂಕಿನೋರು ನಿನ್ನ ಖಾತೆ ನೋಡ್ತಾ ಇರ್ತಾರಂತೆ. ನಮ್ಮಿಂದ ನಿನ್ನ ಮನೆ ಹೋಗೋದು ಬೇಡಪ್ಪ. ಅದೂ ಅಲ್ದೆ ಸಹಿ ಹಾಕಿದೀವಲ್ಲ. ಹಾಕಿದ ಮೇಲೆ ಕೇಳೋದು ಹೇಗೆ?"

ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಲಿ? ನನ್ನ ಮನೆ ಉಳಿಯಲಿ ಎಂದು ನನ್ನ ಜನ ನನ್ನನ್ನು ಬಿಟ್ಟುಕೊಟ್ಟಿದ್ದರು. ಮೆಟ್ಟಿಲ ಮೇಲೆ ಒಮ್ಮೊಮ್ಮೆ ತಟ್ಟೆ ಇರುತ್ತಿತ್ತು. ಹುರಿದ ಮಾಂಸ, ಗೆಣಸು, ಮೇಲೆ ಬೆಳ್ಳಿ ಕಾಗದ. ಇಟ್ಟವರು ಬಾಗಿಲು ತಟ್ಟದೆ ಹೋಗಿರುತ್ತಿದ್ದರು. ತಟ್ಟೆ ತೊಳೆದು, ಅದರಲ್ಲಿ ಏನಾದರೂ ಇಟ್ಟು ವಾಪಸು ಕೊಡಲು ಹೋದರೆ, "ಬರೀ ತಟ್ಟೆ ಸಾಕು" ಎನ್ನುತ್ತಿದ್ದರು. ಅಣ್ಣನ ಮಗಳ ಮದುವೆಯಲ್ಲಿ ಸೋದರತ್ತೆಯೆಂದು ನನ್ನನ್ನು ಎಲ್ಲರಿಗಿಂತ ಮೇಲೆ ಕೂರಿಸಿದರು. ಕೇಕಿನ ಮೇಲಿನ ಅಂತಸ್ತು ನನಗೆ ಕೊಟ್ಟರು. ಒಂದು ಚಾಪೆ ತಾ ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನೇ ಒಯ್ದ ಚಾಪೆಯನ್ನು ಮೆಲೆನೈಟೆ ಸುರುಳಿ ಸುತ್ತಿ ನನ್ನ ಕಾರಿನಲ್ಲಿ ಇಟ್ಟು ಬಂದಿದ್ದಳು. ಬ್ಯಾಂಕಿನ ಹುಡುಗಿ ಮದುವೆಗೆ ಬಂದಿದ್ದರೂ ಇದೇ ಮರ್ಯಾದೆ ಆಗುತ್ತಿತ್ತು.

ಆ ಕೇಕು ಫ್ರಿಜ್ಜಿನಲ್ಲಿ ಗಟ್ಟಿಯಾಯಿತು. ಒಬ್ಬಳು ಎಷ್ಟು ತಿಂದಾಳು? ರಾತ್ರಿ ಕಿಟಕಿ ಮಾತಾಡುತ್ತಿತ್ತು. ನಾನು ಅದಕ್ಕೆ ಉತ್ತರ ಕೊಡಲು ಶುರುಮಾಡಿದ್ದೆ. ಹೀಗೆ ಹೇಳಲು ನಾಚಿಕೆಯಿಲ್ಲ. ನನಗೆ ಅಳು ಬರುತ್ತಿತ್ತು, ಅಳುತ್ತಿದ್ದೆ.

ಚಳಿಗಾಲ ಬಂತು. ಕುರಿ ಕಡಿಮೆಯಾಗುವ ಕಾಲ. ಕಾರ್ಖಾನೆ ನಮಗೆ ವಾರಕ್ಕೆ ಮೂರೇ ದಿನ ಕೆಲಸ ಕೊಟ್ಟಿತು. ಕಂತು ಮಾತ್ರ ಅಷ್ಟೇ ಇತ್ತು. ಸಾಲವನ್ನು ಇನ್ನಷ್ಟು ವರ್ಷಕ್ಕೆ ಹಂಚಿ ಕಂತು ಇಳಿಸಿ ಎಂದು ಬ್ಯಾಂಕಿಗೆ ಬರೆದುಕೊಂಡೆ. ಕರ್ಸ್ಟನ್ ದಿನ ಗೊತ್ತುಮಾಡಿದಳು.

ಅದಕ್ಕೆ ಒಂದು ವಾರ ಮುಂಚೆ, ಸರಪಳಿಯ ಮುಂದೆ ನಿಂತಿದ್ದಾಗ ಪಕ್ಕದ ಸಮೋವಾದವಳು ಕೇಳಿದಳು.

"ನೀನ್ಯಾಕೆ ಕೆಲಸಕ್ಕೆ ಬಂದಿದೀಯ? ನಿಮ್ಮ ಲವಿನಿಯಾ ಅಜ್ಜಿ ತೀರ್ಕೊಂಡ್ರಂತಲ್ಲ ನಿನ್ನೆ?"

ಕುರಿ ನನ್ನ ಮುಂದೆ ದಾಟಿಹೋಯಿತು. ಇನ್ನೊಂದು ದಾಟಿತು. ಮೇಸ್ತ್ರಿ ಕೂಗಿದ. ನಾನು ಚಾಕು ಕೆಳಗಿಟ್ಟೆ. ಹದಿನಾರು ವರ್ಷದಲ್ಲಿ ಮೊದಲ ಬಾರಿ ಸರಪಳಿ ಸಾಗುತ್ತಿರುವಾಗ ಬೆನ್ನು ತಿರುಗಿಸಿ ನಡೆದೆ.

ಅಪ್ಪನ ಅಕ್ಕತಂಗಿಯರು ಸತ್ತರೆ ನಮ್ಮ ಜಾಗ ಯಾವುದೆಂದು ನಮ್ಮಲ್ಲಿ ಮಗುವಿಗೂ ಗೊತ್ತು. ಹೆಣದ ಹತ್ತಿರ ನಮಗೆ ಜಾಗವಿಲ್ಲ. ನಮ್ಮದು ಹಿಂದಿನ ಅಡುಗೆಮನೆ, ಹೊಗೆ, ಬೂದಿ. ಮೊಣಕಾಲು ದಾಟುವ ಹರಕು ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ತಲೆ ಕೆದರಿಕೊಂಡು ಬೇಯಿಸುತ್ತಿರಬೇಕು. ಆ ಸಾವಿನಲ್ಲಿ ಎಲ್ಲರಿಗಿಂತ ಕೀಳು ನಾವು. ಮನೆಗೆ ಹೋಗಿ ಮನಾಸೆಯ ಸಾವಿನ ಹರಕು ಚಾಪೆ ಸುತ್ತಿಕೊಂಡೆ. ಚರ್ಚಿನ ಹಾಲಿನ ಮುಂಬಾಗಿಲ ಕಡೆ ನೋಡದೆ ಹಿಂದಕ್ಕೆ ಹೋದೆ.

ಹೊಗೆಯಲ್ಲಿ ಮೆಲೆನೈಟೆ ಎದ್ದು ನಿಂತಳು. ಕಣ್ಣು ಕೆಂಪಗಿತ್ತು.

"ನಿಂಗ್ಯಾರು ಹೇಳಿದ್ರು? ಮುಂದುಗಡೆ ಹೋಗಿ ಕೂತ್ಕೋ, ಕುರ್ಚಿ ಹಾಕಿದೆ. ನಿನ್ನ ಮೇಲೆ ಇಲ್ಲಿ ಏನೂ ಇಲ್ಲ."

"ಇದೆ."

"ಲೋಸೇಲಿ, ಹಟ ಮಾಡ್ಬೇಡ. ಬ್ಯಾಂಕು..."

"ಬ್ಯಾಂಕು ಬಂದು ನಮ್ಮತ್ತೆ ಹೆಣ ಹೊರುತ್ತಾ? ಬ್ಯಾಂಕು ಬಂದು ಈ ಗೆಡ್ಡೆ ಸುಲಿಯುತ್ತಾ? ಅವ್ರ ಹೆಣದ ದುಡ್ಡು ನನ್ನ ಗೋಡೇಲಿದೆ ಅತ್ತಿಗೆ. ನಾನು ಅದರೊಳಗೇ ಮಲಗೋದು. ಸರಿ ಆ ಕಡೆ."

ಅವಳು ಸರಿಯಲಿಲ್ಲ. ನಾನು ಅವಳ ಕಾಲ ಹತ್ತಿರವೇ ಮಣ್ಣಿನಲ್ಲಿ ಕೂತು, ಕೆಸುವಿನ ಗೆಡ್ಡೆಯ ರಾಶಿಯಿಂದ ಒಂದನ್ನು ಎಳೆದುಕೊಂಡು ಸುಲಿಯತೊಡಗಿದೆ. ಮಡಚಿದ ಬೆರಳಿಗೆ ಚಾಕು ಹಿಡಿಯುವುದೊಂದು ಚೆನ್ನಾಗಿ ಬರುತ್ತದೆ. ಕೈಯೆಲ್ಲ ಕೆರೆಯಿತು. ಹೊಗೆ ಕಣ್ಣಿಗೆ ಹೊಡೆಯಿತು. ಸಂಜೆಯವರೆಗೆ ಸುಲಿದೆ.

ಸಂಜೆ ತುಯಿಫುವಾ ಬಂದಳು. ಅತ್ತೆಯ ಸೋದರತ್ತೆಯ ಮೊಮ್ಮಗಳು, ಆ ಸಾವಿನಲ್ಲಿ ಎಲ್ಲರಿಗಿಂತ ಮೇಲಿನವಳು. ಹೆಣದ ತಲೆಯ ಬಳಿ ಕೂರುವವಳು ಅವಳೇ. ಕೀಳಿನವರ ಕೂದಲು ಕತ್ತರಿಸುವವಳೂ ಅವಳೇ. ಕೈಯಲ್ಲಿ ಕತ್ತರಿಯಿತ್ತು. ಅಣ್ಣನ ಮಕ್ಕಳ ಜಡೆ ಒಂದೊಂದೇ ಬಿತ್ತು. ನನ್ನ ಮುಂದೆ ಬಂದು ನಿಂತಳು.

"ಇವಳದು ಸಹಿಯಾಗಿದ್ಯಂತಲ್ಲ. ಲವಿನಿಯಾಗೆ ಇವಳೇನೂ ಕೊಡ್ಬೇಕಾಗಿಲ್ಲ ಅಂತ," ಎಂದಳು. ಕೇಳಿದ್ದೋ ಹೇಳಿದ್ದೋ ತಿಳಿಯಲಿಲ್ಲ.

ನಾನು ಜಡೆಯನ್ನು ಮುಂದಕ್ಕೆ ತಂದು, ಮಂಡಿಯೂರಿ, ಕತ್ತು ಬಗ್ಗಿಸಿದೆ. "ಕೊಡ್ಬೇಕು," ಎಂದೆ. "ಬುಡಕ್ಕೇ ಹಾಕಿ."

ಕತ್ತರಿ ಮೊಂಡಾಗಿತ್ತು. ಅಗಿದು ಅಗಿದು ಕತ್ತರಿಸಿತು. ಕತ್ತಿನ ಹಿಂದೆ ತಣ್ಣಗಾಯಿತು. ತಲೆ ಎತ್ತಿದಾಗ ಮೆಲೆನೈಟೆ ಇನ್ನೊಂದು ಬುಟ್ಟಿ ಗೆಡ್ಡೆಯನ್ನು ನನ್ನ ಮುಂದೆ ಸುರಿದು ಹೋಗಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ ಬ್ಯಾಂಕಿಗೆ ಹೋದೆ. ಹರಕು ಚಾಪೆ ಸುತ್ತಿಕೊಂಡೇ ಹೋದೆ, ಹತ್ತನೆಯ ದಿನದವರೆಗೆ ಬಿಚ್ಚುವಂತಿಲ್ಲ. ಸಾಲಿನಲ್ಲಿ ನಿಂತವರು ಸ್ವಲ್ಪ ದೂರ ಸರಿದರು, ಮೈಯೆಲ್ಲ ಹೊಗೆ ವಾಸನೆ. ಕರ್ಸ್ಟನ್ ನನ್ನ ತಲೆ ನೋಡಿದಳು. ಕೇಳಬಾರದು ಎಂದುಕೊಂಡಳೇನೋ. ನೀರು ಕೊಟ್ಟಳು.

"ಐದು ವರ್ಷ ಜಾಸ್ತಿ ಮಾಡಿದ್ರೆ ಕಂತು ಇಷ್ಟಕ್ಕೆ ಇಳಿಯುತ್ತೆ," ಎಂದು ತೋರಿಸಿದಳು. ಇಳಿದಿತ್ತು. ಎಪ್ಪತ್ತನಾಲ್ಕರವರೆಗೆ ಚಾಕು ಹಿಡಿದರೆ ಈಗ ಉಸಿರಾಡಬಹುದಿತ್ತು. "ಒಂದೆರಡು ಪ್ರಶ್ನೆ ಮತ್ತೆ ಕೇಳ್ಬೇಕು. ಹೋದ ಸಲಕ್ಕಿಂತ ಹೊಸ ಸಾಲ ಏನಾದ್ರೂ ಇದ್ಯಾ?"

"ಹೊಸದಿಲ್ಲ. ಹಳೇದು ಇದೆ."

"ಹೋದ ಸಲ ಸೊನ್ನೆ ಅಂತ ಇದ್ಯಲ್ಲ?"

"ಅದು ಸುಳ್ಳು. ನೀವು ಕೇಳಿದ್ದಕ್ಕೆ ನನ್ನ ಜನ ನನಗಾಗಿ ಸುಳ್ಳು ಬರೆದುಕೊಟ್ರು."

ಅವಳ ಕೈ ನಿಂತಿತು. ಬಾಗಿಲ ಕಡೆ ನೋಡಿದಳು. ದನಿ ಇಳಿಸಿದಳು. "ಲೋಸೇಲಿ, ಇದನ್ನ ನಾನು ಕೇಳಿಸ್ಕೊಂಡಿಲ್ಲ. ಸರೀನಾ? ಯಾರಿಗೆ ಎಷ್ಟು ಕೊಡ್ಬೇಕು ಈಗ?"

"ಎಲ್ರಿಗೂ. ಎಷ್ಟು ಅಂತ ಗೊತ್ತಿಲ್ಲ."

"ಯಾವಾಗ ತೀರುತ್ತೆ?"

"ತೀರಲ್ಲ. ತೀರಬಾರ್ದು."

"ಅಂಥದಕ್ಕೆ ಇಲ್ಲಿ ಜಾಗಾನೇ ಇಲ್ಲ," ಎಂದಳು. ನಿಜವಾಗಿಯೂ ಬೇಸರವಾಗಿತ್ತು ಅವಳಿಗೆ. "ಸೊನ್ನೆ ಹಾಕ್ತೀನಿ. ಒಂದೇ ಸೊನ್ನೆ. ಹಾಕಿದ್ರೆ ಈಗಲೇ ಕಂತು ಇಳಿಯುತ್ತೆ. ಇಲ್ಲಾಂದ್ರೆ ನನ್ ಕೈಲಿ ಏನೂ ಆಗಲ್ಲ."

ಆ ಸೊನ್ನೆ ಏನೆಂದು ನನಗೆ ಗೊತ್ತಿತ್ತು. ಒಂದು ವರ್ಷ ಅದರೊಳ‌ಗೇ ವಾಸ ಮಾಡಿದ್ದೆ. ಫ್ರಿಜ್ಜಿನಲ್ಲಿ ಕೇಕು ಇಟ್ಟುಕೊಂಡು, ಕಿಟಕಿಯ ಜೊತೆ ಮಾತಾಡಿಕೊಂಡು.

"ಹಾಕ್ಬೇಡ," ಎಂದೆ.

"ಲೋಸೇಲಿ, ಯೋಚನೆ ಮಾಡಿ..."

"ಕೈ ತೆಗಿ ಅದರ ಮೇಲಿಂದ. ನನ್ನ ಹೆಸರಿನ ಮುಂದೆ ಇನ್ನೊಂದ್ಸಲ ಸೊನ್ನೆ ಹಾಕ್ಬೇಡ. ಹಳೇ ಕಂತೇ ಕಟ್ತೀನಿ. ಮೀನಿನ ಗೋದಾಮಿನಲ್ಲಿ ಕೆಲಸ ಇದ್ಯಂತೆ, ಅಲ್ಲೂ ಹೋಗ್ತೀನಿ. ಕಟ್ಟೋಕಾಗ್ದೆ ಹೋದ್ರೆ ಮನೆ ತಗೊಳ್ಳಿ. ಆದ್ರೆ ನಾನು ಯಾರಿಗೂ ಏನೂ ಕೊಡ್ಬೇಕಾಗಿಲ್ಲ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ದನಿ ಏರಿತ್ತು. ಇಡೀ ಬ್ಯಾಂಕು ತಿರುಗಿ ನೋಡಿತು. ನೋಡಲಿ. ನೀರು ಕುಡಿಯದೆ ಎದ್ದು ಬಂದೆ.

ಹೊರಗೆ ಮೋಟು ತಲೆಗೆ ಸಮುದ್ರದ ಗಾಳಿ ಚುಚ್ಚಿತು. ಗೋಡೆ ಹಿಡಿದು ನಿಂತೆ. ಕಂತು, ತೆರಿಗೆ, ವಿಮೆ, ವಾರಕ್ಕೆ ಮೂರು ದಿನದ ಕೂಲಿ, ಯಾವುದು ಯಾವುದಕ್ಕೂ ಹೊಂದುತ್ತಿರಲಿಲ್ಲ. ಎಂಥ ಪೆದ್ದಿ ನಾನು ಎಂದೂ ಅನ್ನಿಸಿತು. ಆಗ ಫೋನು ಬಡಿದುಕೊಂಡಿತು.

ಮೆಲೆನೈಟೆ. ಹೇಗಿದ್ದೀಯ ಎನ್ನಲಿಲ್ಲ. ಬೈಗುಳದ ದನಿಯಲ್ಲೇ ಶುರುಮಾಡಿದಳು.

"ಎಲ್ಲಿ ಸತ್ತಿದೀಯೆ? ಎಷ್ಟೊತ್ತಿಂದ ಮಾಡ್ತಿದೀನಿ. ಹತ್ತನೇ ದಿನಕ್ಕೆ ಎರಡು ಹಂದಿ ನಿನ್ನ ಪಾಲು. ದೊಡ್ಡವು. ಹಾಲಿನ ಹಿಂದೆ ಜಾಗ ಸಾಲಲ್ಲ, ನಿನ್ನ ಹಿತ್ತಲಲ್ಲೇ ಸುಡೋದು ಅಂತ ನಿಮ್ಮಣ್ಣ ಹೇಳ್ತಿದಾನೆ. ದುಡ್ಡಿಲ್ಲ ಗಿಡ್ಡಿಲ್ಲ ಅಂದ್ರೆ ನೋಡು."

"ದುಡ್ಡಿಲ್ಲ," ಎಂದೆ.

"ಎಲ್ಲಿಂದಾದ್ರೂ ತಾ. ನಂಗೇನ್ ಹೇಳ್ತೀಯ?" ಎಂದು ಇಟ್ಟುಬಿಟ್ಟಳು.

ಮನೆಗೆ ಬಂದು ಗುದ್ದಲಿ ತೆಗೆದುಕೊಂಡೆ. ಒಂದು ವರ್ಷದಲ್ಲಿ ಹುಲ್ಲು ಒತ್ತಾಗಿ ಬೆಳೆದಿತ್ತು. ಮೊದಲ ಏಟಿಗೆ ನೆಲ ಜಗ್ಗಲಿಲ್ಲ, ಎಡಗೈ ಮೊಣಕೈವರೆಗೆ ಜುಮ್ಮೆಂದಿತು. ಎರಡನೆಯ ಏಟಿಗೆ ಬೇರು ಹರಿಯಿತು. ಮನಾಸೆಯ ಕಲ್ಲುಗಳು ಬೇಲಿಯ ಪಕ್ಕ ಇಟ್ಟಲ್ಲೇ ಇದ್ದವು. ಎರಡು ಹಂದಿಗೆ ಮೊದಲಿನ ಗುಂಡಿ ಸಾಲುವುದಿಲ್ಲ ಎಂದುಕೊಂಡು ಇನ್ನೊಂದು ಮಾರು ಅಗಲಕ್ಕೆ ಗೆರೆ ಎಳೆದು ತೋಡತೊಡಗಿದೆ.